"ನನ್ನ ಹೊಟ್ಟೆಯಲ್ಲಿ ಮೊಸರು ಇಟ್ಟವರು ಯಾರು?"

ಅಂಬಲಮುಗಳಿನಲ್ಲಿ ಒಳ್ಳೆಯ ನಾಯಿ ಡಾಕ್ಟ್ರು ಯಾರು ಎಂದು ಕೇಳಿದರೆ ಬೆಳಗಿನ ವಾಕಿಂಗಿನ ಎಂಟು ಮಂದಿ ಒಂಬತ್ತು ಹೆಸರು ಹೇಳುತ್ತಾರೆ. ಒಬ್ಬರಿಗೆ ಕಾಕ್ಕನಾಡಿನ ಕ್ಲಿನಿಕ್ಕೇ ಆಗಬೇಕು, ಕಾಯುವ ಕೋಣೆಗೆ ಎಸಿ ಉಂಟಂತೆ. ಇನ್ನೊಬ್ಬರಿಗೆ ತೃಪ್ಪೂಣಿತ್ತುರದ್ದು, ಕಾರು ನಿಲ್ಲಿಸಲು ಜಾಗ ಸಿಗುತ್ತದಂತೆ. ಮೂರನೆಯವರ ಡಾಕ್ಟರು ನಾಯಿಯ ಹುಟ್ಟುಹಬ್ಬಕ್ಕೆ ಮೆಸೇಜು ಹಾಕುತ್ತಾರೆ. ನಾಲ್ಕನೆಯವರು ಮಾತಾಡುವುದೇ ಇಲ್ಲ, ಮೊಬೈಲು ತೆಗೆದು ನಾಲ್ಕೂ ಮುಕ್ಕಾಲು ನಕ್ಷತ್ರ ತೋರಿಸುತ್ತಾರೆ. 2025ರ ಏಪ್ರಿಲ್, ಮೇಯಲ್ಲಿ ಕೇರಳದಲ್ಲಿ ಮಕ್ಕಳು ರೇಬೀಸಿನಿಂದ ಸತ್ತದ್ದು, ಆಗಸ್ಟಿನಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟು ಹೇಳಿದ್ದು, ಅದರ ಮೇಲೆ ಟಿ.ವಿ.ಯಲ್ಲಿ ನಡೆದ ಕಚ್ಚಾಟ ಎಲ್ಲ ನಿಮಗೆ ಗೊತ್ತೇ ಉಂಟು. ಅಂದಿನಿಂದ ಇಲ್ಲಿ ಎಲ್ಲರಿಗೂ ಒಮ್ಮೆಲೇ ತಮ್ಮ ನಾಯಿಗೊಬ್ಬ ಡಾಕ್ಟರು ಬೇಕಾಗಿದ್ದಾರೆ.

ನಾನು ಬದಿಯಡ್ಕ ಕಡೆಯವನು, ಕನ್ನಡ ಮಾಷ್ಟ್ರಾಗಿದ್ದು ಪೆನ್ಷನ್ನಿಗೆ ಬಂದವನು. ಮಗಳ ಉದ್ಯೋಗ ಇಲ್ಲಿ, ಹಾಗಾಗಿ ರಿಫೈನರಿಯ ಬೆಂಕಿಗೊಳವೆ ಕಾಣುವ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಕೂತು ಈ ಅಂಕಣ ಬರೆಯುತ್ತೇನೆ. ಜೊತೆಗೆ ಬೊಳ್ಳು ಉಂಟು, ಊರಿನ ನಾಯಿ. ಇಲ್ಲಿನ ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿ ಅದರ ಹೆಸರು "ಬೊಳ್ಳು ಭಟ್" ಎಂದಾಗಿದೆ, ಮನೆತನದ ಹೆಸರಿಲ್ಲದೆ ಕಂಪ್ಯೂಟರು ಮುಂದೆ ಹೋಗುವುದಿಲ್ಲವಂತೆ. ಗೋತ್ರ ಕೇಳಲಿಲ್ಲ, ಪುಣ್ಯ.

ಡಾಕ್ಟರು ಹೇಗೆ ಎಂದು ಡಾಕ್ಟರನ್ನೇ ಕೇಳುವ ಹಾಗಿಲ್ಲ. ನಾಯಿಯನ್ನು ಕೇಳಿದರೆ ಅದಕ್ಕೆ ಯಾವ ಡಾಕ್ಟರೂ ಬೇಡ. ಕೊನೆಗೆ ನಾನು ಫ್ರಿಜ್ಜನ್ನು ಕೇಳುವುದೆಂದು ಮಾಡಿದೆ. ಅದು ಒಂದು ಕ್ಲಿನಿಕ್ಕಿನ ಒಳಕೋಣೆಯಲ್ಲಿ, ಹೂವಿನ ಚಿತ್ರದ ಪರದೆಯ ಹಿಂದೆ ನಿಂತಿದೆ. ಒಂಟಿ ಬಾಗಿಲು, ಕೆಳಗೆ ತುಕ್ಕು, ತಲೆಯ ಮೇಲೆ ಸ್ಟೆಬಿಲೈಸರು. ಬಾಗಿಲಿನಲ್ಲಿ ಉಣ್ಣೆಮದ್ದಿನ ಕಂಪನಿಯ ಅಯಸ್ಕಾಂತ. ಅದರ ಕೆಳಗೆ ಅರ್ಧ ಹರಿದ ಹಳೆಯ ಸ್ಟಿಕ್ಕರು: ಗಾಜಿನ ಲೋಟದಲ್ಲಿ ಗಡ್‌ಬಡ್ ಐಸ್‌ಕ್ರೀಮ್, ಮೇಲೊಂದು ಚೆರಿ.

ನಾನು: ನಮಸ್ಕಾರ. ಇಲ್ಲಿ ಕನ್ನಡ ಮಾತಾಡುವವರು ಸಿಕ್ಕಿದ್ದು ಸಂತೋಷ.

ಫ್ರಿಜ್: ನಾನು ಮಂಗಳೂರಿನವ, ಮಾಷ್ಟ್ರೇ. ಹಂಪನಕಟ್ಟೆ ಹತ್ತಿರ ಐಸ್‌ಕ್ರೀಮ್ ಅಂಗಡಿಯಲ್ಲಿದ್ದೆ. ಹಾಲು, ಜೆಲ್ಲಿ, ಹೆಚ್ಚಿಟ್ಟ ಹಣ್ಣು ಎಲ್ಲ ನನ್ನ ಹೊಟ್ಟೆಯಲ್ಲಿ. ಆಮೇಲೆ ಅವರಿಗೆ ದೊಡ್ಡದು ಬೇಕಾಯ್ತು. ನನ್ನನ್ನು ಸೆಕೆಂಡ್‌ ಹ್ಯಾಂಡಿಗೆ ಕೊಟ್ಟರು. ಲಾರಿಯಲ್ಲಿ ಇಲ್ಲಿಗೆ ಬಂದೆ.

ನಾನು: ಲಾರಿ ಯಾಕೆ ಮಾರಾಯ್ರೇ? ರೈಲಿನ ಪಾರ್ಸೆಲಿನಲ್ಲಿ ಬರಬಹುದಿತ್ತು. ನನ್ನ ಕಷ್ಟ ಕೇಳಿ. ಬೊಳ್ಳುವನ್ನು ಊರಿಗೆ ಕರೆದುಕೊಂಡು ಹೋಗಬೇಕು. ಎರ್ನಾಕುಳಂನಿಂದ ಕಾಸರಗೋಡು ಒಂದು ರಾತ್ರಿಯ ದಾರಿ, ಮಾವೇಲಿ ಉಂಟು, ಮಲಬಾರ್ ಉಂಟು. ಆದರೆ ನಾಯಿ ನಮ್ಮ ಜೊತೆ ಕೂತು ಬರಬೇಕಾದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಮ್ಮದೇ ಆಗಬೇಕು. ಇಲ್ಲದಿದ್ದರೆ ಅದನ್ನು ಗಾರ್ಡಿನ ಬೋಗಿಯ ಗೂಡಿನಲ್ಲಿ ಹಾಕುತ್ತಾರೆ. ಆ ಗೂಡು ನೋಡಿದ್ದೀರಾ? ಒಳಗೆ ಬೆಳಕಿಲ್ಲ, ಒಂದೊಂದು ಸ್ಟೇಷನ್ನಿನಲ್ಲಿ ನಾವೇ ಪ್ಲಾಟ್‌ಫಾರ್ಮಿನ ಕೊನೆಯವರೆಗೆ ಓಡಿ ನೀರು ಕೊಡಬೇಕು.

ಫ್ರಿಜ್: ನೀವು ಕ್ಲಿನಿಕ್ಕಿನ ವಿಷಯ ಕೇಳಲಿಕ್ಕೆ ಬಂದದ್ದಲ್ವಾ?

ನಾನು: ಹೌದು, ಹೌದು. ಕೇಳ್ತೇನೆ. ಒಳ್ಳೆಯ ಕ್ಲಿನಿಕ್ಕನ್ನು ಆರಿಸುವುದು ಹೇಗೆ?

ಫ್ರಿಜ್: ಮೊಸರು.

ನಾನು: ಎಂತ?

ಫ್ರಿಜ್: ಮೊಸರು ಮಾಷ್ಟ್ರೇ, ಮೊಸರು. ನನ್ನ ನಡುವಿನ ಅರೆಯಲ್ಲಿ ರೇಬೀಸ್ ಲಸಿಕೆ ಉಂಟು. ಪಕ್ಕದಲ್ಲಿ ನಾಯಿಮರಿಗಳ ಡಿಸ್ಟೆಂಪರ್, ಪಾರ್ವೊ, ಇಲಿಜ್ವರ ಎಲ್ಲ ಸೇರಿದ ಇಂಜೆಕ್ಷನ್. ಅದರ ಹಿಂದೆ ಬೆಕ್ಕಿನದ್ದು. ಇವೆಲ್ಲದರ ಎದುರು ಸ್ಟೀಲಿನ ಡಬ್ಬಿಯಲ್ಲಿ ಅಟೆಂಡರ್ ಚೇಚಿಯ ಮೊಸರು. ಬುಧವಾರ ಮತ್ತಿ ಮೀನಿನ ಸಾರು. ಬಾಗಿಲಿನಲ್ಲಿ ಎಲ್ಲರ ನೀರಿನ ಬಾಟ್ಲಿ. ನನ್ನೊಳಗೆ ಎಷ್ಟು ಡಿಗ್ರಿ ಇರಬೇಕು ಗೊತ್ತುಂಟಾ? 2ರಿಂದ 8. ಒಂಬತ್ತಕ್ಕೆ ಹೋಗಬಾರದು, ಸೊನ್ನೆಗೆ ಇಳಿಯಬಾರದು. ಒಂದು ಬಾಟ್ಲಿ ನೀರಿಗಾಗಿ ಬಾಗಿಲು ತೆಗೆದು, ಮೊಬೈಲಿನಲ್ಲಿ ಮಾತಾಡುತ್ತ, ಯಾವ ಬಾಟ್ಲಿ ಯಾರದ್ದು ಎಂದು ಯೋಚನೆ ಮಾಡುತ್ತ ನಿಂತರೆ ನಾನು ಎಂತ ಮಾಡುವುದು? ಐಸ್‌ಕ್ರೀಮ್ ಅಂಗಡಿಯಲ್ಲಿ ಹಣ್ಣು ಹಾಳಾದರೆ ವಾಸನೆ ಬರ್ತಿತ್ತು, ಧಣಿ ಬಯ್ಯುತ್ತಿದ್ದರು. ಲಸಿಕೆ ಹಾಳಾದರೆ ವಾಸನೆಯೂ ಇಲ್ಲ, ಬಣ್ಣವೂ ಬದಲಾಗುವುದಿಲ್ಲ. ನಾಯಿಗೆ ಚುಚ್ಚುತ್ತಾರೆ, ಪುಸ್ತಕದಲ್ಲಿ ಸ್ಟಿಕ್ಕರ್ ಅಂಟಿಸುತ್ತಾರೆ, ಎಲ್ಲರೂ ಖುಷಿಯಲ್ಲಿ ಮನೆಗೆ ಹೋಗುತ್ತಾರೆ.

ನಾನು: ಫೀಸಿನ ವಿಷಯ ಹೇಳಿ. ಒಂದು ಕಡೆ ನೂರು ಅಂದರೆ ಇನ್ನೊಂದು ಕಡೆ ಮೂರು ಪಟ್ಟು...

ಫ್ರಿಜ್: ಇನ್ನೊಂದು ಉಂಟು ಕೇಳಿ. ನನ್ನದು ಹಳೆಯ ಜಾತಿ, ಮೇಲೆ ಹಿಮ ಕಟ್ಟುತ್ತದೆ. ಜಾಗ ಇಲ್ಲ ಎಂದು ಲಸಿಕೆಯ ಪೆಟ್ಟಿಗೆಯನ್ನು ಆ ಹಿಮಕ್ಕೆ ತಾಗಿಸಿ ಇಟ್ಟರೆ ಅದು ಹೆಪ್ಪುಗಟ್ಟುತ್ತದೆ. ಹೆಚ್ಚು ತಂಪಾದರೆ ಹೆಚ್ಚು ಒಳ್ಳೆಯದು ಅಂತ ಜನರ ಲೆಕ್ಕ. ರೇಬೀಸ್ ಲಸಿಕೆ ಒಮ್ಮೆ ಹೆಪ್ಪುಗಟ್ಟಿ ಕರಗಿತು ಎಂದಾದರೆ ಮುಗಿಯಿತು, ಅದನ್ನು ಎಸೆಯಬೇಕು. ಆದರೆ ಕುಪ್ಪಿಯನ್ನು ಬೆಳಕಿಗೆ ಹಿಡಿದರೆ ಮೊದಲಿನ ಹಾಗೇ ಕಾಣಬಹುದು. ಸರಕಾರದವರು ಮಕ್ಕಳ ಲಸಿಕೆ ಇಡುವ ಫ್ರಿಜ್ ಬೇರೆ, ಗೋಡೆಯೊಳಗೇ ಮಂಜಿನ ಪದರ, ಕರೆಂಟು ಹೋದರೂ ಗಂಟೆಗಟ್ಟಲೆ ತಂಪು ಬಿಡುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡಿಗ್ರಿ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ನನ್ನ ಒಳಗಿನ ಥರ್ಮಾಮೀಟರು ಯಾವಾಗ ಹಾಳಾಯಿತು ಅಂತ ಯಾರಿಗೂ ಗೊತ್ತಿಲ್ಲ. ಅದು ಯಾವಾಗಲೂ 5 ತೋರಿಸುತ್ತದೆ. ಮೊನ್ನೆ ಇಡೀ ಮಧ್ಯಾಹ್ನ ಕರೆಂಟಿಲ್ಲ, ಆಗಲೂ 5.

ನಾನು: ಇಲ್ಲಿನ ಡಾಕ್ಟರಮ್ಮ ಇದನ್ನು ನೋಡುವುದಿಲ್ಲವಾ?

ಫ್ರಿಜ್: ಡಾಕ್ಟರಮ್ಮ ಒಳ್ಳೆಯವರು ಮಾಷ್ಟ್ರೇ, ಅವರಿಗೆ ಎಲ್ಲ ಗೊತ್ತುಂಟು. ಮಣ್ಣುತ್ತಿ ಕಾಲೇಜಿನಲ್ಲಿ ಕಲಿತವರು. ಐದೂವರೆ ವರ್ಷ. ಆದರೆ ಅವರ ಕೈ ಯಾವಾಗ ಖಾಲಿ? ಹೊರಗೆ ಹದಿನೈದು ಮಂದಿ ಕಾಯುತ್ತಿದ್ದಾರೆ. ಅವರಲ್ಲಿ ಹತ್ತು ಮಂದಿ "ಎಷ್ಟು ಹೊತ್ತಾಗುತ್ತದೆ" ಎಂದು ಕೇಳುತ್ತಾರೆ, ನಾಲ್ಕು ಮಂದಿ "ಇದಕ್ಕೆ ಶಾಂಪೂ ಯಾವುದು ಒಳ್ಳೆಯದು" ಎಂದು ಕೇಳುತ್ತಾರೆ, ಒಬ್ಬರು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. "ಲಸಿಕೆ ಇಡುವ ಫ್ರಿಜ್ ತೋರಿಸಿ" ಎಂದು ಇಷ್ಟು ವರ್ಷದಲ್ಲಿ ಒಂದು ನರಪ್ರಾಣಿಯೂ ಕೇಳಿದ್ದಿಲ್ಲ. ಕೇಳಿದರೆ ಮೊಸರು ಮರುದಿನವೇ ಬೇರೆ ಕಡೆ ಹೋಗುತ್ತಿತ್ತು. ಕಳೆದ ಓಣಂ ಸಮಯ ಇಲ್ಲಿಗೆ ಅಲ್ಟ್ರಾಸೌಂಡ್ ಮಿಷನ್ ಬಂತು. ಅದಕ್ಕೆ ನಿಲವಿಳಕ್ಕು ಹಚ್ಚಿ ಉದ್ಘಾಟನೆ, ರಿಬ್ಬನ್ನು, ಲಡ್ಡು. ಲಡ್ಡು ಇಟ್ಟದ್ದೆಲ್ಲಿ? ನನ್ನ ಹೊಟ್ಟೆಯಲ್ಲಿ.

(ಇಲ್ಲಿ ಫ್ರಿಜ್ಜಿನ ಕಂಪ್ರೆಸರು ಶುರುವಾಯಿತು. ಎರಡು ನಿಮಿಷ ಮಾತಿಲ್ಲ, ಬರೀ ನಡುಕ. ಆ ಹೊತ್ತಿಗೆ ನಾನು ಕಾಯುವ ಕೋಣೆಗೆ ಹಣಕಿದೆ. ನಾಯಿಗಳೂ ಬೆಕ್ಕುಗಳೂ ಒಂದೇ ಬೆಂಚು. ಒಂದು ಪರ್ಷಿಯನ್ ಬೆಕ್ಕು ಪ್ಲಾಸ್ಟಿಕ್ ಬುಟ್ಟಿಯೊಳಗೆ ಮೂಲೆಗೆ ಒತ್ತಿ ಕೂತು ಲ್ಯಾಬ್ರಡಾರಿನ ಮೂಗನ್ನು ನೋಡುತ್ತಿತ್ತು. ಅದನ್ನು ತಂದವರು ಬುಟ್ಟಿಯ ಮೇಲೆ ಒಂದು ಟವೆಲು ಹೊದಿಸಿದ್ದರೂ ಸಾಕಿತ್ತು. ಬೆಕ್ಕು ಸಾಕುವವರು ಕ್ಲಿನಿಕ್ ಆರಿಸುವಾಗ ಮೊದಲು ನೋಡಬೇಕಾದದ್ದು ಬೆಕ್ಕಿಗೆ ಬೇರೆ ಮೂಲೆ ಉಂಟಾ ಎಂದು. ಫ್ರಿಜ್ಜಿಗೆ ಬೆಕ್ಕಿನ ಮೇಲೆ ಆಸಕ್ತಿ ಕಡಿಮೆ, ಹಾಗಾಗಿ ಇದನ್ನು ನಾನೇ ಹೇಳಬೇಕಾಯಿತು.)

ನಾನು: ಬೆಕ್ಕುಗಳ ವಿಷಯ ನೀವು ಏನೂ ಹೇಳಲಿಲ್ಲ.

ಫ್ರಿಜ್: ಬೆಕ್ಕಾ? ಅದು ಹಾಲು ಕದಿಯುವ ಜಾತಿ, ಅಂಗಡಿಯಲ್ಲಿದ್ದಾಗ ನೋಡಿದ್ದೇನೆ. ಆದರೂ ಒಂದು ಹೇಳುತ್ತೇನೆ, ಅದನ್ನು ನೀವು ಬರೆಯಲೇಬೇಕು. ಒಬ್ಬರು ರಾತ್ರಿ ಹನ್ನೊಂದಕ್ಕೆ ಬೆಕ್ಕನ್ನು ಎತ್ತಿಕೊಂಡು ಓಡಿ ಬಂದರು. ಬೆಕ್ಕಿಗೆ ಸಂಜೆ ಮೈ ಬಿಸಿ ಇತ್ತಂತೆ. ಮನೆಯಲ್ಲಿ ಎಲ್ಲರೂ ಜ್ವರಕ್ಕೆ ತಿನ್ನುವ ಮಾತ್ರೆಯಲ್ಲಿ ಅರ್ಧ ಕೊಟ್ಟರಂತೆ. ಪ್ಯಾರಸಿಟಮಾಲ್. ಬೆಕ್ಕಿಗೆ ಅದು ವಿಷ ಮಾಷ್ಟ್ರೇ, ಅದರ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸಿ ಹೊರಗೆ ಹಾಕಲಿಕ್ಕೆ ಬರುವುದಿಲ್ಲ. ರಕ್ತ ಉಸಿರು ಹೊರುವುದನ್ನು ಬಿಡುತ್ತದೆ. ವಸಡು ನೋಡಿದರೆ ಕೆಂಪಿಲ್ಲ, ಕಂದು. ಮುಖ ಬಾತಿತ್ತು. ಅವರು ಬರುವ ಮೊದಲು ಮೂರು ಕ್ಲಿನಿಕ್ಕಿನ ಬಾಗಿಲು ಬಡಿದಿದ್ದರು, ಮೂರರ ಬೋರ್ಡಿನಲ್ಲೂ 24 ಗಂಟೆ ಎಂದು ಬರೆದಿತ್ತು. ಡಾಕ್ಟರಮ್ಮ ಮೇಲಿನ ಮಹಡಿಯಲ್ಲೇ ಇರುವುದು, ಇಳಿದು ಬಂದರು. ಅದಕ್ಕೆ ಕೊಡುವ ಮದ್ದು ನನ್ನಲ್ಲಿರಲಿಲ್ಲ. ಮನುಷ್ಯರ ಮೆಡಿಕಲ್ ಶಾಪಿಗೆ ಫೋನು, ಅಸಿಟೈಲ್‌ಸಿಸ್ಟೀನ್ ಉಂಟಾ, ಉಂಟಾ ಅಂತ. ನಾಲ್ಕನೆಯವರು ಉಂಟು ಅಂದರು.

ನಾನು: ಉಳಿಯಿತಾ?

ಫ್ರಿಜ್: ಉಳಿಯಿತು. ಮರುದಿನ ಆ ಮನೆಯವರು ಖುಷಿಯಲ್ಲಿ ಹಾಲು ಪಾಯಸ ತಂದರು. ಎಲ್ಲಿಟ್ಟರು ಅಂತ ಕೇಳಬೇಡಿ.

ನಾನು: ಹಾಗಾದರೆ ಬೋರ್ಡು ಓದುವುದಕ್ಕಿಂತ ರಾತ್ರಿ ಹನ್ನೊಂದಕ್ಕೆ ಸುಮ್ಮನೆ ಒಮ್ಮೆ ಫೋನು ಮಾಡಿ ನೋಡಬೇಕು, ಯಾರು ಎತ್ತುತ್ತಾರೆ ಅಂತ.

ಫ್ರಿಜ್: ಕಾಯಿಲೆ ಇಲ್ಲದಾಗಲೇ ಮಾಡಿ ನೋಡಬೇಕು. ಮತ್ತೆ ಮೂಲೆಯಲ್ಲಿ ಕೂತ ಮೈಕ್ರೋಸ್ಕೋಪಿನ ಮೇಲೆ ಧೂಳು ಉಂಟಾ ನೋಡಬೇಕು. ಇದು ಉಣ್ಣೆಯ ಊರು. ಮಳೆ ಬಿಟ್ಟ ಕೂಡಲೇ ನಾಯಿಗಳಿಗೆ ಉಣ್ಣೆಜ್ವರ ಶುರು, ಬಬೇಸಿಯಾ, ಎರ್ಲಿಕಿಯಾ. ಒಂದು ಹನಿ ರಕ್ತ ಗಾಜಿಗೆ ಸವರಿ ನೋಡಿದರೆ ಗೊತ್ತಾಗುವುದನ್ನು ನೋಡದೆ ಆಂಟಿಬಯೋಟಿಕ್, ಟಾನಿಕ್, ಡ್ರಿಪ್ಪು ಅಂತ ಹಾಕಿ ಕಳಿಸುವವರೂ ಇದ್ದಾರೆ. ಧೂಳಿಲ್ಲದ ಮೈಕ್ರೋಸ್ಕೋಪು ಒಳ್ಳೆಯ ಲಕ್ಷಣ. ಗೋಡೆಯಲ್ಲಿ ಡಾಕ್ಟರ ನೋಂದಣಿ ಸರ್ಟಿಫಿಕೇಟ್ ಇರಬೇಕು, 1984ರ ಕಾನೂನಿನ ಪ್ರಕಾರ ವೆಟರಿನರಿ ಕೌನ್ಸಿಲಿನಲ್ಲಿ ಹೆಸರು ಬರೆಸದವರು ನಾಯಿಗೆ ಮದ್ದು ಕೊಡುವ ಹಾಗಿಲ್ಲ. ಇದೆಲ್ಲ ಸರಿ. ಆದರೆ ಇದೆಲ್ಲ ನೋಡಿದ ಮೇಲೂ ಪರದೆ ಸರಿಸಿ ನನ್ನನ್ನು ನೋಡದಿದ್ದರೆ...

ನಾನು: ಮೊಸರು. ಗೊತ್ತಾಯಿತು. ನನಗೆ ಇನ್ನೊಂದು ಸಂಶಯ. ರೈಲಿನಲ್ಲಿ ನಾಯಿಯನ್ನು ಕೊಂಡುಹೋಗುವುದಕ್ಕೆ ವೆಟರಿನರಿ ಡಾಕ್ಟರ ಸರ್ಟಿಫಿಕೇಟ್ ಬೇಕಂತೆ, ಹೊರಡುವ ಒಂದೆರಡು ದಿನದೊಳಗಿನದ್ದು. ತಳಿ, ಬಣ್ಣ, ಗಂಡೋ ಹೆಣ್ಣೋ ಎಲ್ಲ ಬರೆದದ್ದು. ಬೊಳ್ಳುವಿನ ತಳಿ ಎಂತ ಬರೆಯುವುದು? ಅದರ ಅಮ್ಮ ಯಾರು ಎಂದು ಗೊತ್ತು, ಅಪ್ಪನ ವಿಷಯದಲ್ಲಿ ಇಡೀ ಬದಿಯಡ್ಕ ಪೇಟೆಯನ್ನೇ ಸಂಶಯಪಡಬೇಕು.

ಫ್ರಿಜ್: "ನಾಡನ್" ಎಂದು ಬರೆಯುತ್ತಾರೆ, ಊರಿನದ್ದು ಅಂತ. ಅದಿರಲಿ, ಕಾಯಿಲೆ ಎಂದರೆ ನಿಮ್ಮ ಕಾಸರಗೋಡಿನವರಿಗೆ ಮಂಗಳೂರಿಗೆ ಹೋಗದೆ ನಿದ್ದೆ ಬರುವುದಿಲ್ಲವಾ?

ನಾನು: ಆ ಮಾತು ಆಡಬೇಡಿ. ನಮಗೆ ಆಸ್ಪತ್ರೆ ಎಂದರೆ ಮಂಗಳೂರೇ, ಮನುಷ್ಯನಿಗಾದರೂ ಹಸುವಿಗಾದರೂ. 2020ರ ಮಾರ್ಚಿನಲ್ಲಿ, ಕೊರೊನಾ ಸಮಯ, ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಅಂಬ್ಯುಲೆನ್ಸಿನಲ್ಲೇ ಮಲಗಿದ್ದವರನ್ನು ವಾಪಸ್ಸು ಕಳಿಸಿದ್ದರು. ವಾಪಸ್ಸು ಬಂದವರಲ್ಲಿ ಸತ್ತವರಿದ್ದಾರೆ. ಎಂಟು ಮಂದಿ ಒಂಬತ್ತು ಹೆಸರು ಹೇಳುವಷ್ಟು ಡಾಕ್ಟರು ಇರುವ ಊರಿನಲ್ಲಿ ಕೂತು ಎಸಿ ಉಂಟಾ ಪಾರ್ಕಿಂಗ್ ಉಂಟಾ ಎಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಫ್ರಿಜ್: ನಿಮಗೂ ಸಿಟ್ಟು ಬರುತ್ತದೆ ಅಂತಾಯಿತು. ನಾನು ಮೊಸರಿನ ಹತ್ತಿರವೇ ಜೀವನ ಕಳೆಯುವವ, ಹಾಗಾಗಿ ನನ್ನ ಸಿಟ್ಟು ಹುಳಿಯಾಗಿದೆ.

ನಾನು: ಲಸಿಕೆ ನಿಮ್ಮ ಹತ್ತಿರ ಬರುವುದು ಹೇಗೆ?

ಫ್ರಿಜ್: ಅದು ನಿಮ್ಮ ರೈಲಿನ ಕಥೆಗಿಂತ ದೊಡ್ಡ ಕಥೆ. ಹೈದರಾಬಾದಿನ ಕಡೆ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಅಲ್ಲಿ ತಂಪಿನ ಕೋಣೆ. ಥರ್ಮೋಕೋಲ್ ಪೆಟ್ಟಿಗೆ, ಸುತ್ತ ಜೆಲ್ ಪ್ಯಾಕು. ಎರ್ನಾಕುಳಂನ ಏಜೆಂಟರವರೆಗೆ ರಾಜಮರ್ಯಾದೆ. ಅಲ್ಲಿಂದ ಇಲ್ಲಿಗೆ ಒಬ್ಬ ಹುಡುಗ ಬೈಕಿನಲ್ಲಿ ತರುತ್ತಾನೆ, ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಅವನು ತೃಪ್ಪೂಣಿತ್ತುರದ ಟ್ರಾಫಿಕ್ಕಿನಲ್ಲಿ ನಿಂತು, ಕರಿಮುಗಳಿನಲ್ಲಿ ನಿಂಬೆ ಸೋಡ ಕುಡಿದು, ಇಲ್ಲಿಗೆ ಬರುವಾಗ ಜೆಲ್ ಪ್ಯಾಕು ಪಿಚಕ್ ಪಿಚಕ್ ಎನ್ನುತ್ತದೆ. ಹಾಗೆ ಬಂದದ್ದನ್ನು ನನ್ನೊಳಗಿಟ್ಟು ಬಾಗಿಲು ಹಾಕುತ್ತಾರೆ. ಹೆಣಕ್ಕೆ ಬೀಸಣಿಗೆ ಬೀಸಿದ ಹಾಗೆ ನಾನು ಅದನ್ನು ತಂಪು ಮಾಡುತ್ತ ಕೂರಬೇಕು. ಎಲ್ಲರೂ ಹಾಗೆ ತರುತ್ತಾರೆ ಅಂತ ಹೇಳುವುದಿಲ್ಲ. ನಾಯಿಗೆ ಲಸಿಕೆ ಹಾಕಿಸುವವರು ಮಾಡಬೇಕಾದದ್ದು ಇಷ್ಟೇ: ಕುಪ್ಪಿ ನಿಮ್ಮ ಕಣ್ಣೆದುರೇ ನನ್ನೊಳಗಿಂದ ಹೊರಗೆ ಬರಲಿ, ಕೈಯಲ್ಲಿ ಮುಟ್ಟಿ ನೋಡಿ ತಂಪುಂಟಾ ಅಂತ, ಅದರ ಮೈಯ ಸ್ಟಿಕ್ಕರು ಕಿತ್ತು ಪುಸ್ತಕಕ್ಕೆ ಅಂಟಿಸಲಿ, ಬ್ಯಾಚ್ ನಂಬರು, ಮುಗಿಯುವ ತಾರೀಕು ಓದಿ. ಸ್ಟಿಕ್ಕರಿಲ್ಲದೆ ಬರೀ ಸಹಿ ಹಾಕಿ ಕೊಟ್ಟರೆ ಕೇಳಿ, ಎಲ್ಲಿ ಅಂತ.

ನಾನು: ನನ್ನ ಪ್ರಾಯದವರಿಗೆ ಈ ಲಸಿಕೆ ಎಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚು. ಕುರಿಯ ಮಿದುಳಿನಿಂದ ಮಾಡುತ್ತಿದ್ದದ್ದು. ನಮ್ಮ ಶಾಲೆಯಲ್ಲಿ ನಾಯಿ ಕಚ್ಚಿಸಿಕೊಂಡ ಹುಡುಗ ಎರಡು ವಾರ ಅಂಗಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ಅದನ್ನು 2004ರ ಕೊನೆಗೆ ದೇಶದಲ್ಲಿ ನಿಲ್ಲಿಸಿದರು. ಈಗಿನದ್ದು ತೋಳಿಗೆ, ನೋವೇ ಇಲ್ಲ. ಆದರೂ...

ಫ್ರಿಜ್: ಆದರೂ ಮಕ್ಕಳು ಸಾಯುತ್ತಾರೆ. ಆ ಮಾತಿಗೇ ಬಂದಿರಲ್ಲ ಮಾಷ್ಟ್ರೇ. ಈಗ ಬರೆದುಕೊಳ್ಳಿ, ನಗಬೇಡಿ. 2022ರ ಸೆಪ್ಟೆಂಬರಿನಲ್ಲಿ ಪತ್ತನಂತಿಟ್ಟದ ಒಂದು ಹುಡುಗಿ ಹೋಯಿತು, 12 ವರ್ಷ. ಮೂರು ಡೋಸು ಆಗಿತ್ತು. ಇಡೀ ಕೇರಳ ಲಸಿಕೆ ಸರಿಯಿಲ್ಲ, ತಂಪು ಸರಿಯಿಲ್ಲ, ಫ್ರಿಜ್ಜು ಸರಿಯಿಲ್ಲ ಅಂತ ಬೊಬ್ಬೆ ಹಾಕಿತು. ಲಸಿಕೆಯನ್ನು ಕಸೌಲಿಯ ಪ್ರಯೋಗಾಲಯಕ್ಕೆ ಕಳಿಸಿದರು, ಅದರಲ್ಲಿ ದೋಷವಿಲ್ಲ ಅಂತ ಬಂತು. ಮತ್ತೆ 2025ರಲ್ಲಿ, ಏಪ್ರಿಲಿನಲ್ಲಿ ಮಲಪ್ಪುರದ ಒಂದು ಐದು ವರ್ಷದ ಮಗು, ಮೇಯಲ್ಲಿ ಕೊಲ್ಲಂನ ಒಂದು ಏಳು ವರ್ಷದ್ದು. ಅವಕ್ಕೂ ಲಸಿಕೆ ಕೊಟ್ಟಿದ್ದರು. ತಲೆಗೆ, ಮುಖಕ್ಕೆ ಕಚ್ಚಿದರೆ ವೈರಸ್ಸಿಗೆ ಮಿದುಳಿಗೆ ಹೋಗಲು ದೂರವಿಲ್ಲ. ಕಚ್ಚಿದ ಕೂಡಲೇ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ ಹಾಕಬೇಕು. ಒಮ್ಮೆ ರೋಗ ಎದ್ದಿತು ಎಂದರೆ ಪ್ರಪಂಚದ ಯಾವ ದೊಡ್ಡ ಡಾಕ್ಟರ ಕೈಯಲ್ಲೂ ಏನೂ ಇಲ್ಲ. ಇಷ್ಟು ನನಗೆ ಗೊತ್ತುಂಟು, ನಾನು ಒಂದು ಹಳೆಯ ಫ್ರಿಜ್.

ಆದರೆ ಇದೆಲ್ಲ ಕಚ್ಚಿದ ಮೇಲಿನ ಮಾತು. ಮಗುವಿನ ತೋಳಿಗೆ ನಾಲ್ಕೈದು ಸಲ ಚುಚ್ಚುವ ಬದಲು ನಾಯಿಯ ತೊಗಲಿಗೆ ವರ್ಷಕ್ಕೊಂದು ಸಲ ಚುಚ್ಚಿದ್ದರೆ? ನನ್ನೊಳಗೆ ಈಗಲೂ ಒಂದು ಪೆಟ್ಟಿಗೆ ತುಂಬ ಉಂಟು. ಯಾರಿಗೆ ಬೇಕು? 1998ರಿಂದ ಈ ರಾಜ್ಯದಲ್ಲಿ ಪಂಚಾಯತಿನ ನಿಯಮ ಉಂಟು, ಸಾಕುನಾಯಿಗೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ರೇಬೀಸ್ ಲಸಿಕೆ ಬೇಕು. ನಿಮ್ಮ ವಾಕಿಂಗಿನ ಎಂಟು ಮಂದಿಯನ್ನು ಕೇಳಿ, ಲೈಸೆನ್ಸ್ ತೋರಿಸಿ ಅಂತ. ನಕ್ಷತ್ರ ತೋರಿಸುತ್ತಾರೆ. ಮರಿ ಇದ್ದಾಗ ಎಲ್ಲರೂ ಲಸಿಕೆ ಹಾಕಿಸುತ್ತಾರೆ, ಫೋಟೋ ತೆಗೆಯುತ್ತಾರೆ. ಎರಡನೆಯ ವರ್ಷಕ್ಕೆ ಪುಸ್ತಕ ಎಲ್ಲೋ ಹೋಗುತ್ತದೆ. ಮೂರನೆಯ ವರ್ಷಕ್ಕೆ ಮೈಯಲ್ಲಿ ಕಜ್ಜಿ ಬಂತು ಅಂತ ರಾತ್ರಿ ಕಾರಿನಲ್ಲಿ ಕೊಂಡುಹೋಗಿ ಯಾವುದೋ ರಸ್ತೆಬದಿ ಬಿಟ್ಟು ಬರುತ್ತಾರೆ. ಇಲ್ಲೇ ಬ್ರಹ್ಮಪುರಂ ಉಂಟಲ್ಲ, 2023ರ ಮಾರ್ಚಿನಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಹೊಗೆಯಾಡಿದ ಕಸದ ಗುಡ್ಡ. ನಾವು ಎಸೆದ ಅನ್ನ, ನಾವು ಎಸೆದ ಮಾಂಸ, ನಾವು ಎಸೆದ ನಾಯಿ. ಆಮೇಲೆ ಬೀದಿನಾಯಿ ಬೀದಿನಾಯಿ ಅಂತ ಕೂಗುವವರೂ ನಾವೇ.

ನಾನು: ಬೇಕಲದಲ್ಲಿ ಒಬ್ಬರು ಏರ್‌ಗನ್ ಹಿಡಿದುಕೊಂಡು ಮಕ್ಕಳನ್ನು ಮದರಸಕ್ಕೆ ಕರೆದುಕೊಂಡು ಹೋದದ್ದು...

ಫ್ರಿಜ್: ಅದೂ 2022ರದ್ದೇ. ಆ ಮನುಷ್ಯನನ್ನು ನಾನು ಬಯ್ಯುವುದಿಲ್ಲ, ಮಕ್ಕಳ ಹೆದರಿಕೆ ಅವರದ್ದು. ಆದರೆ ಬಂದೂಕಿನಿಂದ ವೈರಸ್ಸು ಹೋಗುತ್ತದಾ? ಕುಡುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ನಾಯಿ ಹಿಡಿದು ಸಂತಾನಹರಣ ಮಾಡಿಸುತ್ತಿದ್ದರು, ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇಲ್ಲ ಅಂತ 2021ರಲ್ಲಿ ಹೈಕೋರ್ಟು ನಿಲ್ಲಿಸಿತು. ನಿಯಮ ನಿಯಮವೇ, ಸರಿ. ಅವರನ್ನು ನಿಲ್ಲಿಸಿದ ಮೇಲೆ ಅಷ್ಟೇ ಬೇಗ ಬೇರೆಯವರನ್ನು ಇಳಿಸಬೇಕಿತ್ತು ಅಲ್ವಾ? ದಿಲ್ಲಿಯ ನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 11ಕ್ಕೆ ಎಲ್ಲವನ್ನೂ ಕೂಡಿಹಾಕಿ ಅಂದಿತು, 22ಕ್ಕೆ ಲಸಿಕೆ ಹಾಕಿ ಸಂತಾನಹರಣ ಮಾಡಿ ಹಿಡಿದಲ್ಲೇ ಬಿಡಿ ಅಂದಿತು. ಆ ಹನ್ನೊಂದು ದಿನ ಇಡೀ ದೇಶ ಎರಡು ಪಂಗಡವಾಗಿ ಜಗಳವಾಡಿತು. ಅಷ್ಟು ದಿನದಲ್ಲಿ ನಮ್ಮ ಪಂಚಾಯತಿನ ನಾಯಿಗಳಿಗೆಲ್ಲ ಲಸಿಕೆ ಹಾಕಿ ಮುಗಿಸಬಹುದಿತ್ತು.

ನಾನು: ಅದು ಆಗುವ ಹೋಗುವ ಮಾತಾ?

ಫ್ರಿಜ್: ಗೋವಾದಲ್ಲಿ ಆಗಿದೆ. ಬಲೆ ಹಿಡಿದುಕೊಂಡು ಬೀದಿ ಬೀದಿ ಹೋಗಿ, ಹಿಡಿದು, ಚುಚ್ಚಿ, ಗುರುತು ಹಾಕಿ ಬಿಟ್ಟರು. ವರ್ಷ ವರ್ಷ. ನೂರರಲ್ಲಿ ಎಪ್ಪತ್ತು ನಾಯಿಗೆ ಲಸಿಕೆ ಆದರೆ ರೋಗಕ್ಕೆ ಹಬ್ಬಲು ದಾರಿ ಸಿಗುವುದಿಲ್ಲ. 2021ರಲ್ಲಿ ಗೋವಾ ರೇಬೀಸ್ ನಿಯಂತ್ರಿತ ರಾಜ್ಯ ಅಂತ ಘೋಷಣೆಯಾಯಿತು. ಅವರೇನು ಚಂದ್ರಲೋಕದವರಾ? ಇಲ್ಲಿಂದ ಒಂದು ರಾತ್ರಿಯ ರೈಲು.

ನಾನು: ಕೊಂಕಣ ರೈಲ್ವೆ! ನೋಡಿ, ಆ ದಾರಿಯ ಗಾಡಿಗಳಲ್ಲಿ ಸಹ ನಾಯಿಗೆ...

ಫ್ರಿಜ್: ಮಾಷ್ಟ್ರೇ.

ನಾನು: ಸುಮ್ಮನಾದೆ.

ಫ್ರಿಜ್: ರೇಬೀಸ್ ಸಂಶಯದಲ್ಲಿ ಸತ್ತ ನಾಯಿಯ ತಲೆಯನ್ನು ಪರೀಕ್ಷೆಗೆ ಮಣ್ಣುತ್ತಿ ಕಾಲೇಜಿಗೋ ಪಾಲೋಡಿನ ಪ್ರಯೋಗಾಲಯಕ್ಕೋ ಕಳಿಸುವಾಗ ಅದನ್ನೂ ಐಸಿನಲ್ಲೇ ಇಟ್ಟು ಕಳಿಸುವುದು. ಬದುಕಿದ್ದಾಗ ಅದಕ್ಕೆ ಸಿಗದ ತಂಪು ಸತ್ತ ಮೇಲೆ ಸಿಗುತ್ತದೆ. ನನಗೆ ಇದು ಸಹಿಸಲಿಕ್ಕೆ ಆಗುವುದಿಲ್ಲ.

(ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಚೇಚಿ ಬಂದು ಬಾಗಿಲು ತೆಗೆದರು, ನೀರಿನ ಬಾಟ್ಲಿ ತೆಗೆದರು, ಕುಡಿದರು, ಬಾಗಿಲು ತೆರೆದೇ ಇಟ್ಟು ನನ್ನನ್ನು "ನಿಮಗೆ ಬೇಕಾ?" ಎಂದು ಕೇಳಿದರು. ಒಳ್ಳೆಯ ಹೆಂಗಸು. ಅವರಿಗೆ ಊಟಕ್ಕೆ ಬೇರೆ ಫ್ರಿಜ್ಜು ಕೊಡಿಸದವರ ಮೇಲೆ ನನಗೆ ಸಿಟ್ಟು, ಅವರ ಮೇಲಲ್ಲ.)

ನಾನು: ಸರಕಾರದ ಪಶು ಆಸ್ಪತ್ರೆಗೆ ಹೋಗಬಹುದಾ? ಅಲ್ಲಿ ಖರ್ಚು ಕಡಿಮೆ.

ಫ್ರಿಜ್: ಹೋಗಬಹುದು, ಹೋಗಬೇಕು. ಅಲ್ಲಿನವರಿಗೆ ಹಸು, ಆಡು, ಕೋಳಿ ಎಲ್ಲ ನೋಡಿ ಅನುಭವ ಜಾಸ್ತಿ. ಲಸಿಕೆ ಕ್ಯಾಂಪೂ ಅವರದ್ದೇ. 1962ಕ್ಕೆ ಫೋನು ಮಾಡಿದರೆ ಮನೆಗೇ ಬರುವ ಗಾಡಿಯೂ ಉಂಟು, ಕೇರಳದಲ್ಲೂ ಕರ್ನಾಟಕದಲ್ಲೂ ನಂಬರು ಒಂದೇ. ನಿಮ್ಮ ಕ್ವಾರ್ಟರ್ಸಿನವರು ಅಲ್ಲಿಗೆ ಯಾಕೆ ಹೋಗುವುದಿಲ್ಲ ಅಂದರೆ ಅಲ್ಲಿ ಹಸುವಿನ ಪಕ್ಕ ಕೂರಬೇಕು. ಒಬ್ಬರು ನನ್ನೆದುರೇ ಹೇಳಿದರು, ನಮ್ಮ ಪಗ್‌ಗೆ ಹಸು ಕಂಡರೆ ಡಿಪ್ರೆಶನ್ ಬರುತ್ತದೆ ಅಂತ.

ನಾನು: ಕೊನೆಗೆ ಒಂದು. ನೀವು ಹೇಳಿದ ಪ್ರಕಾರ ಈ ಕ್ಲಿನಿಕ್ಕಿಗೇ ಬರಬಾರದು ಅಂತಾಯಿತಲ್ಲ?

ಫ್ರಿಜ್: ಹಾಗೆ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಇಳಿದು ಬರುವ ಡಾಕ್ಟರಮ್ಮ ಎಲ್ಲ ಕಡೆ ಸಿಗುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಧೂಳಿಲ್ಲ. ಇಲ್ಲಿಗೇ ಬನ್ನಿ. ಆದರೆ ಬಂದವರು ಪರದೆ ಸರಿಸಿ, ನನ್ನ ಬಾಗಿಲು ಒಮ್ಮೆ ತೆಗೆಸಿ, ಹೊಸ ಥರ್ಮಾಮೀಟರು ಹಾಕಿಸಿ ಅಂತ ಹೇಳಿ. ಒಬ್ಬರು ಹೇಳಿದರೆ ನಗುತ್ತಾರೆ. ಹತ್ತು ಮಂದಿ ಹೇಳಿದರೆ ಥರ್ಮಾಮೀಟರು ಬರುತ್ತದೆ. ಇಪ್ಪತ್ತು ಮಂದಿ ಹೇಳಿದರೆ ಚೇಚಿಯ ಮೊಸರಿಗೂ ಒಂದು ಸಣ್ಣ ಫ್ರಿಜ್ಜು ಬರುತ್ತದೆ. ಈಗ ಸ್ವಲ್ಪ ಬದಿಗೆ ನಿಲ್ಲಿ, ಯಾರೋ ಬರುತ್ತಿದ್ದಾರೆ.

ಬಂದವರು ನಮ್ಮದೇ ವಾಕಿಂಗಿನವರು. ಕೈಯಲ್ಲಿ ಎರ್ನಾಕುಳಂನಿಂದ ಹೊಸದಾಗಿ ತಂದ ಮರಿ, ಕೊರಳಿಗೆ ನೀಲಿ ರಿಬ್ಬನು, ಕಣ್ಣು ಇನ್ನೂ ಹಾಲುಗಣ್ಣು. ನಾಳೆ ಮೂನ್ನಾರಿಗೆ ಹೋಗಲಿಕ್ಕುಂಟು, ಎಲ್ಲ ಇಂಜೆಕ್ಷನ್ನೂ ಇವತ್ತೇ ಒಟ್ಟಿಗೆ ಹಾಕಿಬಿಡಲಿ ಎಂದರು. ಹಾಗೆ ಆಗುವುದಿಲ್ಲ, ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವುದು, ರೇಬೀಸಿನದ್ದು ಮೂರು ತಿಂಗಳಾದ ಮೇಲೆ ಎಂದು ಡಾಕ್ಟರಮ್ಮ ಹೇಳುವುದು ಪರದೆಯ ಆಚೆಯಿಂದ ಕೇಳಿಸಿತು. ಮರಿ ತಂದವರು ಹೊರಗೆ ಬಂದು ನನ್ನ ಹತ್ತಿರ, "ಮಾಷೇ, ಈ ಕ್ಲಿನಿಕ್ ಹೇಗೆ?" ಎಂದು ಮೆಲ್ಲಗೆ ಕೇಳಿದರು.

"ಒಳಗೆ ಒಂದು ಫ್ರಿಜ್ ಉಂಟು, ಹೋಗಿ ಅದನ್ನು ತೆಗೆಸಿ ನೋಡಿ" ಎಂದೆ.

"ತಂಪು ಏನೂ ಬೇಡ, ಈಗಷ್ಟೇ ಚಾಯ ಕುಡಿದೆ" ಎಂದರು ಅವರು. "ಕಾರು ಗೇಟಿನ ಎದುರು ಉಂಟು, ಪಾರ್ಕಿಂಗಿಗೆ ಎಂತದಾದರೂ ಕೊಡಬೇಕಾ?"